ಆರು ಸಲ ಏರು ಹತ್ತಿ ಬಂದ ಆಶಾ

ಮೂರು ಮಕ್ಕಳನ್ನು ಹೆತ್ತು ಸಾಕಿದವಳು ನಾನು. ಇಬ್ಬರು ಮೊಮ್ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದ್ದೇನೆ. ಕಿರಿ ಮಗಳ ಬಾಣಂತನಕ್ಕೆ ಆಶಾ ಕಾರ್ಯಕರ್ತೆ ಮನೆಗೇ ಬರುತ್ತಾರೆ ಅಂದಾಗ, ಇವರು ನನಗೇನು ಹೇಳಿಕೊಡುತ್ತಾರೆ ಅಂತ ಒಳಗೊಳಗೇ ನಕ್ಕಿದ್ದೆ.

ನಮ್ಮದು ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆ. ರಸ್ತೆಯಿಂದ ಮನೆಗೆ ತೋಟದೊಳಗೆ ಏರು ಹತ್ತಬೇಕು. ಮಗು ಹುಟ್ಟಿದ್ದು ಜುಲೈಯಲ್ಲಿ, ಜಡಿಮಳೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಆರು ಸಲ ಬರುತ್ತಾರೆ: 3, 7, 14, 21, 28 ಮತ್ತು 42ನೇ ದಿನ. ದುಡ್ಡು ಕೊಡಬೇಕಿಲ್ಲ. 21ನೇ ದಿನ ಮಾತ್ರ ದಾರಿಗೆ ಮರ ಬಿದ್ದು ತಪ್ಪಿತು. ಮಾರನೇ ಬೆಳಿಗ್ಗೆ ಕಾಲಿಗೆ ಹತ್ತಿದ ಇಂಬಳ ಕೀಳುತ್ತಾ ಜಗಲಿಯಲ್ಲಿ ನಿಂತಿದ್ದರು.

ಬಂದವರು ಮೊದಲು ಸೋಪು ಹಚ್ಚಿ ಕೈ ತೊಳೆಯುತ್ತಾರೆ. ಆಮೇಲೆ ಮಗುವನ್ನು ಜೋಲಿಯಂಥ ಬಟ್ಟೆಗೆ ಹಾಕಿ, ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಎತ್ತುತ್ತಾರೆ. ಸಂತೆಯಲ್ಲಿ ಮೀನು ತೂಗಿದ ಹಾಗೆ! ಹುಟ್ಟಿದಾಗ 2.9 ಕಿಲೋ ಇದ್ದದ್ದು 3ನೇ ದಿನ 2.7 ಆಗಿತ್ತು. ನನ್ನ ಎದೆ ಧಸಕ್ ಅಂತು. ಹಾಲು ಸಾಲುತ್ತಿಲ್ಲ, ಸಕ್ಕರೆ ನೀರು ಕೊಡೋಣ ಅಂದೆ. "ಬೇಡಮ್ಮಾ, ಮೊದಲ ವಾರ ತೂಕ ಸ್ವಲ್ಪ ಇಳಿಯುತ್ತೆ, ಆಮೇಲೆ ಏರುತ್ತೆ. ಆರು ತಿಂಗಳು ಎದೆಹಾಲು ಸಾಕು, ನೀರೂ ಬೇಡ" ಅಂದರು. 14ನೇ ದಿನ ಮುಳ್ಳು 3 ಕಿಲೋಗೆ ಬಂತು. ನಾನು ಬಾಯಿ ಮುಚ್ಚಿದೆ.

ಅವರ ಬೆಲೆ ಗೊತ್ತಾಗಿದ್ದು ಆ ಮರ ಬಿದ್ದ ಮಾರನೇ ದಿನ. ಮಗುವಿಗೆ ಮೂಗು ಕಟ್ಟಿತ್ತು. ನಾನು ಕೋಣೆಯ ಕಿಟಕಿ ಮುಚ್ಚಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಕೊಟ್ಟಿದ್ದೆ. ಒದ್ದೆ ಬಟ್ಟೆಯೂ ಅಲ್ಲೇ ಒಣಗುತ್ತಿತ್ತು. ಈ ಮಳೆಯಲ್ಲಿ ಇನ್ನೆಲ್ಲಿ ಒಣಗಿಸೋದು, ಹೇಳಿ? ಅವರು ಮಗುವಿನ ಅಂಗಿ ಸರಿಸಿ, ಗಡಿಯಾರ ಹಿಡಿದು, ಹೊಟ್ಟೆ ಏರಿಳಿಯುವುದನ್ನು ಪೂರಾ ಒಂದು ನಿಮಿಷ ಎಣಿಸಿದರು. 62. ಎರಡು ತಿಂಗಳೊಳಗಿನ ಮಗುವಿಗೆ 60 ಮುಟ್ಟಿದರೆ ಅಪಾಯದ ಗುರುತಂತೆ. ಆದರೆ ಮಗು ಆಗಷ್ಟೇ ಅತ್ತಿತ್ತು. ಹಾಲು ಕುಡಿದು ಸಮಾಧಾನ ಆಗುವವರೆಗೂ ಕಾದು, ಮತ್ತೆ ಎಣಿಸಿದರು. 52. ಎದೆಯ ಕೆಳಗೆ ಗುಳಿ ಬೀಳುತ್ತಿದೆಯಾ ನೋಡಿದರು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರು, ಜ್ವರ ಇರಲಿಲ್ಲ. "ಎರಡನೇ ಸಲವೂ 60 ಬಂದಿದ್ರೆ ಈಗಲೇ ಆಸ್ಪತ್ರೆಗೆ ಹೊರಡಿಸ್ತಿದ್ದೆ" ಅಂದರು. ಆಮೇಲೆ ನನ್ನನ್ನು ಕೇಳದೆ ಕೆಂಡದ ಬಾಣಲೆ ಎತ್ತಿ ಜಗಲಿಗೆ ಇಟ್ಟರು. ಹಾಲು ಬಿಟ್ಟರೆ, ಮೈ ತಣ್ಣಗಾದರೆ ಬೆಳಗಾಗಲಿ ಅಂತ ಕಾಯಬೇಡಿ ಅಂತ ಮಗಳಿಗೆ ಹೇಳಿ, ಅವಳ ಬಾಯಲ್ಲಿ ಅದನ್ನೇ ತಿರುಗಿ ಹೇಳಿಸಿದರು. ಇಷ್ಟು ಮಕ್ಕಳನ್ನು ಬೆಳೆಸಿದ ನಾನು ಒಂದು ದಿನವೂ ಉಸಿರು ಎಣಿಸಿದವಳಲ್ಲ.

ಎಲ್ಲದಕ್ಕೂ ತಲೆ ಆಡಿಸಿದೆ ಅಂತ ಅಲ್ಲ. ಹೊಕ್ಕುಳಿಗೆ ಏನೂ ಹಚ್ಚಬೇಡಿ, ಕಿವಿಗೆ ಎಣ್ಣೆ ಬಿಡಬೇಡಿ ಅಂದದ್ದನ್ನು ಒಪ್ಪಿದೆ. ಬಜೆ ತೇಯ್ದು ನೆಕ್ಕಿಸಬೇಡಿ ಅಂದಾಗ ಮಾತ್ರ ಸಣ್ಣ ಜಗಳವೇ ಆಯಿತು. ಮಗಳು ಅವರ ಕಡೆ ಸೇರಿಕೊಂಡಳು, ನಾನು ಸೋತೆ. ತಲೆ ದುಂಡಗಾಗಲಿ ಅಂತ ಹೊಲಿದಿದ್ದ ಸಾಸಿವೆ ದಿಂಬೂ ಹೋಯಿತು. ದಿಂಬಿಲ್ಲದೆ ಅಂಗಾತ ಮಲಗಿಸಬೇಕಂತೆ. ಈಗ ಅದು ನನ್ನ ಕತ್ತಿನ ಕೆಳಗಿದೆ, ಚೆನ್ನಾಗೇ ಇದೆ. ಪುಣ್ಯಕ್ಕೆ ಮೈಗೆ ಎಣ್ಣೆ ನೀವುವುದಕ್ಕೆ ಬೇಡ ಅನ್ನಲಿಲ್ಲ.

ಒಂದೇ ತೊಂದರೆ, ಯಾವ ಹೊತ್ತಿಗೆ ಬರುತ್ತಾರೆ ಅಂತ ತಿಳಿಯುವುದಿಲ್ಲ. ನಮ್ಮ ತೋಟದಲ್ಲಿ ಸಿಗ್ನಲ್ ಇಲ್ಲವಲ್ಲ. ಎರಡು ಸಲ ಮಗು ಆಗಷ್ಟೇ ನಿದ್ದೆ ಹೋಗಿತ್ತು.

42ನೇ ದಿನ ತಾಯಿ ಕಾರ್ಡ್ ತೆಗೆಸಿ, ಆರು ವಾರದ ಲಸಿಕೆ ಆಗಿದೆಯಾ ಅಂತ ನೋಡಿದರು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಎಲ್ಲಕ್ಕೂ ಸೇರಿ ಒಂದೇ ಸೂಜಿ ಇದೆಯಂತೆ. ಇನ್ನು ಬರುವುದು ಮೂರು ತಿಂಗಳು ತುಂಬಿದಾಗ. ಇಷ್ಟು ಸಲ ಬಂದರೂ ನಮ್ಮ ಮನೆಯಲ್ಲಿ ಅವರು ತೆಗೆದುಕೊಂಡದ್ದು ಕಾಫಿ ಮಾತ್ರ, ಅದೂ ಸಕ್ಕರೆ ಕಡಿಮೆ.