ಹಳೆ ಗಿಟಾರ್ ಪೆಡಲ್ 'ಫುಲ್ ಸರ್ವೀಸ್'ಗೆ ಕೊಡುವ ಮುಂಚೆ ಇದನ್ನು ಓದಿ

ದಾವಣಗೆರೆಯಲ್ಲಿ ಹಳೆ ಪೆಡಲ್ ಕ್ಲೀನ್ ಮಾಡಿಸಬೇಕು ಅಂತಿರುವವರು ದಯವಿಟ್ಟು ಕೇಳಿ. ಕಣ್ಣೆದುರು ಬಿಚ್ಚಿಸದೆ ಯಾರಿಗೂ ಕೊಡಬೇಡಿ. ಯಾರಿಗೂ.

ನನ್ನದು ಬಾಸ್ ಕಂಪನಿಯ ಡಿಎಸ್-1, ಗಿಟಾರ್ ಸದ್ದನ್ನು ಒರಟು ಮಾಡಲು ಕಾಲಲ್ಲಿ ಒತ್ತುವ ಪುಟ್ಟ ಡಬ್ಬಿ, ಸೆಕೆಂಡ್ ಹ್ಯಾಂಡ್. ನಾಬ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಹಳೆ ಪೆಡಲ್‌ಗೆ ಇದು ಮಾಮೂಲು, ಪಾಟ್ (ನಾಬ್ ಕೆಳಗೆ ತಿರುಗುವ ಭಾಗ) ಒಳಗೆ ಧೂಳು ಸೇರಿರುತ್ತದೆ. ಹಳೆ ಬಸ್ ನಿಲ್ದಾಣದ ಕಡೆ ಒಬ್ಬ ರಿಪೇರಿಯವನಿಗೆ ಕೊಟ್ಟೆ. "ಬೋರ್ಡ್ ಬಿಚ್ಚಿ ಒಳಗೆಲ್ಲ ಕ್ಲೀನ್ ಮಾಡಿ ಕೊಡ್ತೀನಿ ಸರ್, 600 ರೂಪಾಯಿ" ಅಂದ. ವಾಪಸ್ ಬಂದಾಗ ಪಳಪಳ ಹೊಳೆಯುತ್ತಿತ್ತು. ಕರಕರವೂ ಇಲ್ಲ.

ಗಣಪತಿ ಪೆಂಡಾಲಿನಲ್ಲಿ ನಮ್ಮ ಆರ್ಕೆಸ್ಟ್ರಾ. ಸೋಲೋ ಬಂತು, ಪೆಡಲ್ ಒತ್ತಿದೆ. ಕ್ಷಣ ಸದ್ದು ಬಂದು ಪೂರ್ತಿ ನಿಂತುಹೋಯಿತು. ಎದುರಿಗೆ ಅಷ್ಟು ಜನ. ತಲೆ ಎತ್ತೋಕೆ ಆಗಲಿಲ್ಲ.

ಮನೆಗೆ ಬಂದು ಅಡಿಯ ನಾಲ್ಕು ಸ್ಕ್ರೂ ಬಿಚ್ಚಿದೆ. ಬೋರ್ಡ್ ಮೇಲೆ ಹಳೆ ಧೂಳು ಹಾಗೇ ಇದೆ! ಪಾಟ್ ಸುತ್ತ ಎಣ್ಣೆ. ತುಕ್ಕು ಹಿಡಿದ ಬೋಲ್ಟಿಗೆ ಹೊಡೆಯುತ್ತಾರಲ್ಲ, ಅದೇ ಸ್ಪ್ರೇ ವಾಸನೆ. ನಾಬ್ ಕಿತ್ತು ಸಂದಿಯಿಂದ ಹೊಡೆದಿದ್ದಾನೆ, ಅಷ್ಟೇ. ಆ ಎಣ್ಣೆ ಪಾಟ್ ಒಳಗಿನ ಗ್ರೀಸ್ ಕರಗಿಸುತ್ತದೆ, ಆಮೇಲೆ ಇನ್ನಷ್ಟು ಧೂಳು ಹಿಡಿಯುತ್ತದೆ. ಬ್ಯಾಟರಿ ಕ್ಲಿಪ್ಪಿನಲ್ಲಿ ಹಳೆ ಬ್ಯಾಟರಿ ಸೋರಿದ ಬಿಳಿ ಪುಡಿ. ಅದನ್ನು ಮುಟ್ಟಿಯೂ ಇಲ್ಲ. ಸ್ಟೇಜ್ ಮೇಲೆ ಕರೆಂಟ್ ಕಟ್ ಆಗಿದ್ದು ಅಲ್ಲೇ. ಹತ್ತಿಗೆ ಸ್ವಲ್ಪ ವಿನೆಗರ್ ಹಚ್ಚಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಮುಗಿಯುವ ಕೆಲಸ!

ಹೋಗಿ ಕೇಳಿದೆ.

"ಬೋರ್ಡ್ ಬಿಚ್ಚಿದ್ರಾ?"

"ಬಿಚ್ಚೋದೇನಿದೆ ಸರ್, ಸ್ಪ್ರೇ ತಾನೇ ಒಳಗೆ ಹೋಗುತ್ತೆ."

"ಬಿಚ್ಚೋಕೆ ಅಂತ ತಾನೇ ದುಡ್ಡು ತಗೊಂಡಿದ್ದು?"

"ಟೇಪ್ ರೆಕಾರ್ಡರ್ ಕಾಲದಿಂದ ಇದನ್ನೇ ಹೊಡೀತಿದೀವಿ ರೀ. ಒಯ್ಯುವಾಗ ಸರಿ ಇತ್ತಲ್ಲ? ಹಳೇ ಮಾಲಿಗೆ ಗ್ಯಾರಂಟಿ ಇಲ್ಲ."

ಗ್ಯಾರಂಟಿ ಯಾರು ಕೇಳಿದರು? ಬಿಚ್ಚುತ್ತೀನಿ ಅಂದವನು ಬಿಚ್ಚಬೇಕಿತ್ತು. ಬಿಚ್ಚೇ ಇಲ್ಲ. ಅದನ್ನು ಹೇಳುವಾಗ ಮುಖದಲ್ಲಿ ಒಂಚೂರು ಸಂಕೋಚವೂ ಇಲ್ಲ.

ಪಕ್ಕದಲ್ಲೇ ನಿಂತು ಬಿಚ್ಚಿಸಿ. ಸ್ಪ್ರೇ ಡಬ್ಬಿ ಕೈಗೆ ತಗೊಂಡು ಓದಿ, ಕಾಂಟ್ಯಾಕ್ಟ್ ಕ್ಲೀನರ್ (ಎಲೆಕ್ಟ್ರಾನಿಕ್ ಭಾಗ ಕ್ಲೀನ್ ಮಾಡುವ ಸ್ಪ್ರೇ) ಅಂತಲೇ ಇರಬೇಕು. ಟೆಸ್ಟಿಗೆ ಅಂತ ಸಿಕ್ಕ ಅಡಾಪ್ಟರ್ ಚುಚ್ಚೋಕೆ ಬಿಡಬೇಡಿ. ಬಾಸ್‌ನ ಬಹುತೇಕ ಪೆಡಲ್‌ಗೆ 9 ವೋಲ್ಟ್, ಪಿನ್ನಿನ ಮಧ್ಯ ಮೈನಸ್ ಇರುವುದೇ ಬೇಕು. ಉಲ್ಟಾ ಆದರೆ ಬೋರ್ಡೇ ಹೋಗಬಹುದು.

ನನಗೀಗ ಮೂರೂ ಪಾಟ್ ಬದಲಿಸುವ ಖರ್ಚು. 600 ರೂಪಾಯಿ ವಾಪಸ್ ಬಂದಿಲ್ಲ, ಆತ ಫೋನೂ ಎತ್ತುತ್ತಿಲ್ಲ.