ಮಕ್ಕಳ ಕ್ಯಾಂಡಿಗೆ ಯಾವ ಬಾಕ್ಸ್? ನಾಲ್ಕು ಬಗೆ ಮಾರಿ ನೋಡಿದೆ

ಗಟ್ಟಿ ಸಕ್ಕರೆ ಕ್ಯಾಂಡಿ, ಬಾಕ್ಸಿಗೆ 100 ಗ್ರಾಂ. ಒಳಗಿನ ಮಾಲು ಅದೇ, ಬಾಕ್ಸ್ ಮಾತ್ರ ಬೇರೆ ಬೇರೆ. ದಿಂಬಿನ ಆಕಾರದ್ದು, ಮೇಲೆ ಹಿಡಿಕೆ ಇರುವುದು, ಮಾಮೂಲಿ ಮುಚ್ಚಳ ಮಡಚುವುದು, ಬೆಂಕಿಪೊಟ್ಟಣದ ಹಾಗೆ ಎಳೆದು ತೆಗೆಯುವುದು. ನಾಲ್ಕನ್ನೂ ನಾನೇ ಮಡಚಿ, ತುಂಬಿ, ಮಾರಿದ್ದೇನೆ. ಶುರುವಿನಲ್ಲಿ ಯಾವುದು ಮಗುವಿನ ಕಣ್ಣಿಗೆ ಬೀಳುತ್ತದೆ ಅಂತ ಮಾತ್ರ ನೋಡುತ್ತಿದ್ದೆ. ಈಗ ನೋಡುವುದೇ ಬೇರೆ. ಎರಡು ಕ್ಯಾಂಡಿ ತಿಂದ ಮೇಲೆ ಮಗು ಅದನ್ನು ತಾನೇ ಮುಚ್ಚಿ ಇಡುತ್ತದಾ? ಮುಚ್ಚಲು ಬಂದರೆ ಉಳಿದದ್ದು ನಾಳೆಗೆ. ಬಾರದಿದ್ದರೆ ಎಲ್ಲ ಅವತ್ತೇ ಖಾಲಿ, ಇಲ್ಲವೇ ನೆಲದ ಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಟ್ಟು ಯಾವ ಆಕಾರದಲ್ಲಿದ್ದರೂ ಸಕ್ಕರೆಯನ್ನು ಕಾಯುವುದಿಲ್ಲ. ಸಕ್ಕರೆ ಗಾಳಿಯ ಪಸೆ ಎಳೆದುಕೊಂಡು ಜಿಗುಟಾಗುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅದಕ್ಕೇ ನಾಲ್ಕರಲ್ಲೂ ಕ್ಯಾಂಡಿಗಳನ್ನು ಒಂದೊಂದಾಗಿ ಸುತ್ತಿಯೇ ತುಂಬಿದ್ದು.

ದಿಂಬಿನ ಬಾಕ್ಸ್ ನೋಡಲು ಬಲು ಮುದ್ದು. ಚಪ್ಪಟೆಯಾಗಿ ಬರುತ್ತದೆ, ಎರಡು ಬದಿ ಒತ್ತಿದರೆ ಉಬ್ಬಿ ನಿಲ್ಲುತ್ತದೆ, ತುದಿಯ ಬಾಗಿದ ರೆಕ್ಕೆಗಳನ್ನು ಒಳಗೆ ಮಡಚಿದರೆ ಮುಗಿಯಿತು. ಮಕ್ಕಳೂ ಮೊದಲು ಕೈ ಹಾಕುವುದು ಇದಕ್ಕೇ. ಆದರೆ ತೆಗೆಯುವಾಗ ಹತ್ತರಲ್ಲಿ ಏಳೆಂಟು ಮಕ್ಕಳು ರೆಕ್ಕೆಯನ್ನು ಕಿತ್ತೇಬಿಡುತ್ತಿದ್ದರು. ಮಡಿಕೆ ಒಮ್ಮೆ ಮುರಿದರೆ ಮತ್ತೆ ನಿಲ್ಲುವುದಿಲ್ಲ. ಇನ್ನೊಂದು ಕೊರತೆ ನನಗೆ ಹೆಚ್ಚು ಕಾಡಿತು. ಮುಖ ಉಬ್ಬಿರುವುದರಿಂದ ಬರಹಕ್ಕೆ ಸಮ ಜಾಗವೇ ಇಲ್ಲ. ನಾಲ್ಕು ವರ್ಷದ ಒಳಗಿನವರಿಗೆ ಗಟ್ಟಿ ಕ್ಯಾಂಡಿ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಆ ಮಾತು ಎದ್ದು ಕಾಣಲೇಬೇಕು ಅಲ್ವಾ? ಇದರಲ್ಲಿ ಅದು ಬಾಗಿದ ಅಂಚಿಗೆ ಹೋಗಿ ಮರೆಯಾಗುತ್ತಿತ್ತು.

ಹಿಡಿಕೆ ಬಾಕ್ಸ್ ಹುಟ್ಟುಹಬ್ಬಕ್ಕೆ ಸರಿ. ಮಗು ಅದನ್ನು ತೂಗಾಡಿಸುತ್ತಾ ಹೋಗುವುದು ನೋಡಲು ಚೆಂದ. ದಿನದ ಮಾರಾಟಕ್ಕೆ ಬೇಡ. ಮೇಲ್ಭಾಗ ಇಳಿಜಾರು, ಒಂದರ ಮೇಲೊಂದು ಇಡಲು ಬರುವುದಿಲ್ಲ.

ಮುಚ್ಚಳ ಮಡಚುವ ಮಾಮೂಲಿ ಬಾಕ್ಸ್ ಬಗ್ಗೆ ನನಗೆ ಮೊದಲು ಅಷ್ಟೇನೂ ಆಸೆ ಇರಲಿಲ್ಲ. ಈಗ ಇದೇ ಜಾಸ್ತಿ ಹೋಗುವುದು. ಬೇಗ ಎದ್ದು ನಿಲ್ಲುತ್ತದೆ, ಸಾಲಾಗಿ ಕೂರುತ್ತದೆ, ಬರೆಯಲು ನಾಲ್ಕೂ ಬದಿ ಸಮ. ಮೊದಲ ಕಂತಿನಲ್ಲಿ ಎರಡು ತಪ್ಪಿತ್ತು. ಮುಚ್ಚಳದ ಅಂಚಿಗೆ ಸಣ್ಣ ಸೀಳು ಕೊಟ್ಟು ಬಿಗಿ ಮಾಡಿಸಿದ್ದೆ. ದೊಡ್ಡವರ ಉಗುರಿಗೆ ಸರಿ, ಐದು ವರ್ಷದ ಬೆರಳಿಗೆ ಆಗಲಿಲ್ಲ. ಸೀಳು ತೆಗೆಸಿದೆ. ತಳವೂ ಬರೀ ಮಡಿಕೆ, ಎತ್ತಿ ಅಲ್ಲಾಡಿಸಿದರೆ ಬಿಚ್ಚಿಕೊಳ್ಳುತ್ತಿತ್ತು. ಮಕ್ಕಳು ಅಲ್ಲಾಡಿಸದೆ ಇರುತ್ತಾರಾ? ಚಪ್ಪಟೆ ರಟ್ಟನ್ನು ಬಿಡಿಸಿ ನಿಲ್ಲಿಸಿದ ಕೂಡಲೇ ತಾನೇ ಬಿಗಿಯುವ ತಳ ಮಾಡಿಸಿದ ಮೇಲೆ ಒಂದೂ ಬಿಚ್ಚಿಲ್ಲ.

ಇದೇ ಬಾಕ್ಸಿಗೆ ಕಿಟಕಿಯನ್ನೂ ಇಟ್ಟು ನೋಡಿದೆ. ಬಣ್ಣ ಕಾಣುತ್ತದೆ, ಮಾರಾಟ ಚೆನ್ನಾಗಿತ್ತು. ಆದರೆ ನಾನು ಅರಿಶಿನ, ಬೀಟ್ರೂಟ್ ಬಣ್ಣ ಹಾಕುವವಳು. ಅವಕ್ಕೆ ಬೆಳಕು ಆಗದು. ಬಿಸಿಲು ಬೀಳುವ ಕಡೆ ಇಟ್ಟಿದ್ದ ಬಾಕ್ಸಿನಲ್ಲಿ ಕಿಟಕಿಯ ಕಡೆಯ ಹಳದಿ ಕ್ಯಾಂಡಿ ಬಿಳಚಿಕೊಂಡಿತ್ತು, ಅದರ ಹಿಂದಿನದು ಹಾಗೇ ಇತ್ತು. ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ನೋಡಿದ ದಿನವೇ ಕಿಟಕಿ ಬಿಟ್ಟೆ.

ಬೆಂಕಿಪೊಟ್ಟಣದ ಬಗೆ ನನಗೆ ತುಂಬಾ ಇಷ್ಟ. ಹೊರಗೊಂದು ಕವಚ, ಒಳಗೊಂದು ತಟ್ಟೆ. ಕೆಲಸವೂ ಇದಕ್ಕೇ ಹೆಚ್ಚು. ಮಾಮೂಲಿ ಬಾಕ್ಸ್ ಐದು ಮಾಡುವ ಹೊತ್ತಿಗೆ ಇದು ಒಂದು ಆಗುತ್ತದೆ. ಕವಚ ಬಿಗಿಯಾದರೆ ಮಗುವಿಗೆ ಎಳೆಯಲಾಗದು, ಸಡಿಲವಾದರೆ ತಟ್ಟೆ ತಾನೇ ಜಾರುತ್ತದೆ. ಒಂದು ಮಿಲಿಮೀಟರಿನಷ್ಟು ಅಂತರ ಬಿಟ್ಟಾಗ ಸರಿ ಕೂತಿತು. ರಟ್ಟಿನ ನಾರು ಯಾವ ಕಡೆ ಓಡಿದೆ ಅಂತಲೂ ನೋಡಬೇಕು, ನಾರಿಗೆ ಅಡ್ಡ ಮಡಚಿದರೆ ಅಂಚು ಬಿರಿಯುತ್ತದೆ.

ಒಬ್ಬ ಪುಟ್ಟ ಹುಡುಗಿ ಇದನ್ನು ಕೊಂಡು ಅಲ್ಲೇ ತೆಗೆದಳು. ಎಳೆಯಲಿಲ್ಲ, ಹಿಂದಿನಿಂದ ಬೆರಳಲ್ಲಿ ಜೋರಾಗಿ ತಳ್ಳಿದಳು. ತಟ್ಟೆ ಚಿಮ್ಮಿ ಕ್ಯಾಂಡಿಯೆಲ್ಲ ಚೆಲ್ಲಿತು. ಅಳುತ್ತಾಳೆ ಅಂದುಕೊಂಡೆ. ಅವಳು ಸುಮ್ನೆ ಕೂತು ಒಂದೊಂದೇ ಆರಿಸಿ ತುಂಬಿ, ಮೆಲ್ಲಗೆ ತಳ್ಳಿ ಮುಚ್ಚಿದಳು. ಮತ್ತೆ ತೆಗೆದಳು. ಮತ್ತೆ ಮುಚ್ಚಿದಳು. ಆ ಮೇಲೆ ಕವಚದ ಒಂದು ತುದಿಗೆ ಹೆಬ್ಬೆರಳು ಹಿಡಿಸುವಷ್ಟು ಅರ್ಧಚಂದ್ರ ಕತ್ತರಿಸಿ, ಇನ್ನೊಂದು ತುದಿಯನ್ನು ಮುಚ್ಚಿಸಿದೆ. ಈಗ ಎಳೆಯುವುದೊಂದೇ ದಾರಿ.

ಕೆಲವು ವಾರ ಬಿಟ್ಟು ಅವಳು ಮತ್ತೆ ಬಂದಳು. ಕೈಯಲ್ಲಿ ಅದೇ ಹಳೆ ಬಾಕ್ಸ್, ಮೂಲೆ ಸವೆದಿತ್ತು. ಒಳಗೆ ಮೂರು ಗುಂಡಿ, ಒಂದು ಹಕ್ಕಿಯ ಪುಕ್ಕ.