ಕಥೆಗೆ ಯಾವ ಆಕಾಶ: ಎರಡು ಸೂರ್ಯ, ಮೂರು ಸೂರ್ಯ, ಆರು ಸೂರ್ಯ

ನಾನು ಬರೆಯುತ್ತಿರುವ ವಿಜ್ಞಾನ ಕಥೆಯ ಗ್ರಹಕ್ಕೆ ಒಂದಕ್ಕಿಂತ ಹೆಚ್ಚು ಸೂರ್ಯ ಬೇಕಿತ್ತು. ಇಲ್ಲದ್ದನ್ನು ಹುಟ್ಟಿಸುವುದೇಕೆ ಎಂದು ನಿಜವಾಗಿ ಇರುವ ನಕ್ಷತ್ರಗಳನ್ನೇ ಹಿಡಿದೆ. ಸಂಜೆ ಅಜ್ಜಿಯೊಬ್ಬಳು ಅಂಗಳದಲ್ಲಿ ಹರವಿದ ಹಪ್ಪಳ ಎತ್ತಿಡುತ್ತಿದ್ದಾಳೆ: ಈ ಒಂದೇ ದೃಶ್ಯವನ್ನು ಮೂರು ಕಡೆ ಬರೆದು ನೋಡಿದೆ.

ಮೊದಲು ಕೆಪ್ಲರ್-16 ಎಂಬ ಜೋಡಿ ನಕ್ಷತ್ರ. ಅದರ ಗ್ರಹ ಪತ್ತೆಯಾದದ್ದು 2011ರಲ್ಲಿ. ಎರಡು ಸೂರ್ಯಗಳು 41 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ, ಗ್ರಹ 229 ದಿನದಲ್ಲಿ ಎರಡಕ್ಕೂ ಸೇರಿಸಿ ಪ್ರದಕ್ಷಿಣೆ ಹಾಕುತ್ತದೆ. ಜೋಡಿ ಸೂರ್ಯಾಸ್ತ ಎಂದು ಆಸೆಪಟ್ಟರೆ, ಎರಡನೆಯದು ಕೆಂಪು ಕುಬ್ಜ ಎನ್ನುವ ಪುಟ್ಟ, ಮಂಕು ನಕ್ಷತ್ರ. ಅದರ ಬೆಳಕು ಲೆಕ್ಕಕ್ಕೇ ಇಲ್ಲ. ಅಜ್ಜಿಯ ಎರಡನೇ ನೆರಳು ಕಣ್ಣಿಗೆ ಬೀಳುವುದು ಕಷ್ಟ. ಸಾಲದ್ದಕ್ಕೆ ಗ್ರಹ ಶನಿಯಂಥದ್ದು, ಕಾಲೂರಲು ನೆಲವಿಲ್ಲ. ಅಂಗಳಕ್ಕೆ ಒಂದು ಉಪಗ್ರಹ ಹುಟ್ಟಿಸಬೇಕು.

ಪುನರ್ವಸುವಿನ ಕ್ಯಾಸ್ಟರ್‌ನಲ್ಲಿ ಮೂರು ಜೋಡಿ, ಒಟ್ಟು ಆರು ನಕ್ಷತ್ರ. ಕೇಳಲು ಭರ್ಜರಿ. ಆದರೆ ಯಾವುದು ಯಾವುದನ್ನು ಸುತ್ತುತ್ತದೆ ಎಂದು ವಿವರಿಸುವಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ. ವ್ಯವಸ್ಥೆಗೆ ನೂರು ಕೋಟಿ ವರ್ಷವೂ ತುಂಬಿಲ್ಲ. ಜೀವ ವಿಕಾಸಗೊಂಡು ಅಜ್ಜಿ ಹುಟ್ಟುವಷ್ಟು ಕಾಲವೆಲ್ಲಿ?

ನನಗೆ ಒಪ್ಪಿಗೆಯಾದದ್ದು ಮೂರು ನಕ್ಷತ್ರಗಳ ಆಲ್ಫಾ ಸೆಂಟೌರಿ. ಗ್ರಹವನ್ನು 'ಎ' ನಕ್ಷತ್ರದ ಸುತ್ತ ಇಟ್ಟೆ. ಜೊತೆಗಾರ 'ಬಿ' ಸುಮಾರು 80 ವರ್ಷಕ್ಕೊಂದು ಸುತ್ತು ಹಾಕುತ್ತದೆ. ಹತ್ತಿರ ಬಂದಾಗ ಭೂಮಿ-ಸೂರ್ಯರ ಅಂತರದ 11 ಪಟ್ಟು ದೂರ, ದೂರ ಹೋದಾಗ ಸುಮಾರು 36 ಪಟ್ಟು. ಲೆಕ್ಕ ಹಾಕಿದರೆ, ದೂರವಿದ್ದಾಗಲೇ ಅದರ ಬೆಳಕು ನೂರು ಹುಣ್ಣಿಮೆಗಳಿಗೆ ಮೀರಿದ್ದು. ಹತ್ತಿರ ಬಂದರೆ ಸಾವಿರಕ್ಕೂ ಮಿಕ್ಕಿ. ವರ್ಷದಲ್ಲಿ ಕೆಲವು ತಿಂಗಳು ಅದು ಹಗಲಲ್ಲೇ ಮೂಡಿ ಮುಳುಗುತ್ತದೆ, ರಾತ್ರಿ ಕತ್ತಲು. ಉಳಿದ ಕೆಲವು ತಿಂಗಳು ರಾತ್ರಿಯಿಡೀ ತಲೆಯ ಮೇಲೆ, ದೀಪವಿಲ್ಲದೆ ಪುಸ್ತಕ ಓದಬಹುದು. ಅಜ್ಜಿ ಹಪ್ಪಳ ಎತ್ತಿಡಲು ಅವಸರ ಪಡುವುದೇ ಇಲ್ಲ. ಅವಳು ಹುಟ್ಟಿದಾಗ ಹತ್ತಿರವಿದ್ದ ಸೂರ್ಯ ಈಗ ಮತ್ತೆ ಹತ್ತಿರ ಬರುತ್ತಿದೆ. ನಮ್ಮಲ್ಲಿ ಸಹಸ್ರ ಚಂದ್ರ ದರ್ಶನ ಶಾಂತಿ ಮಾಡುವುದೂ ಹೆಚ್ಚುಕಡಿಮೆ ಆ ವಯಸ್ಸಿಗೇ. ಕಥೆಗೆ ಹಬ್ಬವೊಂದು ಪುಕ್ಕಟೆ ಸಿಕ್ಕಿತು!

ಮೂರನೆಯದಾದ ಪ್ರಾಕ್ಸಿಮಾ ಅಲ್ಲಿಂದ ನಮ್ಮ ಅರುಂಧತಿಗಿಂತ ತುಸು ಮಂಕಾದ ಚುಕ್ಕಿ. ಅದನ್ನು ಕಥೆಯಿಂದ ಕೈಬಿಟ್ಟೆ.

ಒಂದು ತೊಡಕು ಮಾತ್ರ ಇದೆ. 'ಎ' ಸುತ್ತ ಗ್ರಹವಿರುವ ಸುಳಿವೊಂದು ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕಕ್ಕೆ ಸಿಕ್ಕಿದೆ ಎಂದು 2025ರಲ್ಲಿ ವಿಜ್ಞಾನಿಗಳು ಹೇಳಿದರು. ಅದು ಖಚಿತವಾದರೆ ಅದೂ ಅನಿಲದ ದೈತ್ಯವೇ. ಆಗ ಇಲ್ಲೂ ಅಂಗಳವನ್ನು ಉಪಗ್ರಹಕ್ಕೆ ಸಾಗಿಸಬೇಕಾಗುತ್ತದೆ.